ಬೇವಿನ ಹಗ್ಗದ ಮೇಲೆ ಬಿದ್ದ ಅಳಿಯ

ಹೆದರಲು ನನಗೆ ಕಾರಣ ಬೇಕಿಲ್ಲ. ಕಾರಣವಿಲ್ಲದ ದಿನವೇ ಹೆಚ್ಚು ಹೆದರುತ್ತೇನೆ. ದೊಡ್ಡ ಅನಾಹುತ ಬರುವ ಮುಂಚೆ ಎಲ್ಲವೂ ಹೀಗೇ ಸುಮ್ಮನಿರುತ್ತದೆ ಎಂಬುದು ನನ್ನ ಅನುಭವ. ಅನುಭವ ಅಂದೆನಲ್ಲ, ಅದು ಸುಳ್ಳು. ಅನಾಹುತ ಬಂದದ್ದು ಕಡಿಮೆ, ನಾನು ಅದಕ್ಕಾಗಿ ಕಾದದ್ದೇ ಹೆಚ್ಚು. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ. ರೈಲು ಕೃಷ್ಣಾ ಸೇತುವೆ ದಾಟುವಾಗ ಕಿಟಕಿಯ ಸರಳು ಹಿಡಿದುಕೊಂಡು, ಇಡೀ ರೈಲನ್ನು ನಾನೇ ಎತ್ತಿ ಹಿಡಿದವನ ಹಾಗೆ ಬೆವರುತ್ತೇನೆ. ಮಾನ್ವಿಯಲ್ಲಿದ್ದ ನಮ್ಮವ್ವ ಇದನ್ನು ಬಲ್ಲವಳು. "ನೀ ಹುಟ್ಟಿದ ಕೂಡಲೇ ಅಳಲಿಲ್ಲಲೇ. ಮೊದಲ ಸುತ್ತ ನೋಡಿದಿ, ಆಮ್ಯಾಲ ಅತ್ತಿ" ಎನ್ನುತ್ತಿದ್ದಳು.

ಹೀಗಾಗಿ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗಿನ ಆ ಬೇಸಿಗೆಯ ಬಗ್ಗೆ ಬರೆಯಲು ಕುಳಿತರೆ ಯಾವುದು ರೋಗದ ಹೆದರಿಕೆ, ಯಾವುದು ನನ್ನ ಮಾಮೂಲಿ ಹೆದರಿಕೆ ಎಂದು ಬೇರೆ ಮಾಡುವುದು ಕಷ್ಟ. ಆದರೂ ಒಂದು ಮಾತು ಹೇಳಬಲ್ಲೆ. ಆ ವರ್ಷ ಮೊದಲ ಸಲ ಊರೆಲ್ಲ ನನ್ನ ಹಾಗೆ ಆಗಿತ್ತು.

ಆಗ ನಾನು ರಾಯಚೂರಿನ ಒಂದು ಹತ್ತಿ ಗಿರಣಿಯಲ್ಲಿ ಗುಮಾಸ್ತ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಹೆಂಡತಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ತವರು ದೇವದುರ್ಗ ತಾಲೂಕಿನಲ್ಲಿ, ಅರಕೇರಾದ ಆಚೆಗಿನ ಒಂದು ಸಣ್ಣ ಊರು. ಅವಳನ್ನು ಕಳಿಸಿದ ದಿನದಿಂದ ನನ್ನ ಚಿಂತೆಗೆ ಒಂದು ಒಳ್ಳೆಯ ನೆಲೆ ಸಿಕ್ಕಂತಾಗಿತ್ತು. ಅಲ್ಲಿ ದವಾಖಾನೆ ಇಲ್ಲ, ಬಸ್ಸು ಬಂದರೆ ಬಂತು, ಕುಡಿಯುವ ನೀರು ಮೆಟ್ಟಿಲಿಳಿದು ತರುವ ಬಾವಿಯದು. ಇದನ್ನೆಲ್ಲ ಮಲಗುವ ಮುಂಚೆ ಒಂದೊಂದಾಗಿ ನೆನೆಸಿಕೊಂಡು, ಎಲ್ಲವೂ ಇದ್ದಲ್ಲೇ ಇವೆಯೆಂದು ಖಾತ್ರಿಯಾದ ಮೇಲೆ ನಿದ್ದೆ ಮಾಡುತ್ತಿದ್ದೆ.

ಅಷ್ಟರಲ್ಲಿ ಕಾಲರಾ ಬಂತು. ಕಾಲರಾ ಎಂದು ಯಾರೂ ಹೇಳುತ್ತಿರಲಿಲ್ಲ. ಗಿರಣಿಯ ಹಮಾಲರು "ಅದು" ಎನ್ನುತ್ತಿದ್ದರು, ಪೇಪರಿನವರು "ಕರುಳುಬೇನೆ" ಎಂದು ಬರೆಯುತ್ತಿದ್ದರು, ಮನೆ ಮಾಲೀಕರ ಬೇಗಂ ಸಾಹೇಬರು ಬಾಗಿಲ ಪರದೆಯ ಹಿಂದಿನಿಂದ "ವೋ ಬೀಮಾರಿ" ಎಂದು ದನಿ ತಗ್ಗಿಸುತ್ತಿದ್ದರು. ಹೆಸರು ಹಿಡಿದು ಕರೆದರೆ ತನ್ನನ್ನೇ ಕರೆದರೆಂದು ಅದು ಒಳಗೆ ಬಂದುಬಿಟ್ಟರೆ?

ಮುನ್ಸಿಪಾಲಿಟಿಯವರ ಟಾಂಗಾ ಮೈಕು ಕಟ್ಟಿಕೊಂಡು ಓಣಿ ಓಣಿ ತಿರುಗಿತು. ನೀರು ಕುದಿಸಿ ಕುಡಿಯಿರಿ. ಕೊಯ್ದ ಹಣ್ಣು ಮಾರಬಾರದು, ಕಬ್ಬಿನ ಹಾಲು ಮಾರಬಾರದು, ಐಸು ಮಾರಬಾರದು. ಸೂಜಿ ಹಾಕಿಸಿಕೊಳ್ಳದವರನ್ನು ಬಸ್ಸಿಗೆ ಹತ್ತಿಸುವುದಿಲ್ಲ. ಟಾಂಗಾದ ಕುದುರೆ ಮಾತ್ರ ಮೋರಿಯ ನೀರು ಕುಡಿಯಲು ನಿಲ್ಲುತ್ತಿತ್ತು. ಆಗ ಮೈಕಿನವನು ನೀರು ಕುದಿಸಿ ಕುಡಿಯಿರಿ ಎಂಬುದನ್ನು ನಮ್ಮ ಮನೆಯ ಮುಂದೆಯೇ ಮತ್ತೆ ಮತ್ತೆ ಹೇಳಬೇಕಾಗುತ್ತಿತ್ತು. ಅದು ನನಗೊಬ್ಬನಿಗೇ ಹೇಳಿದ್ದೆಂದು ತಿಳಿದು ಕೊಡ ಕೊಡ ನೀರು ಕುದಿಸಿದೆ. ಕುದಿಸಿದ ನೀರು ಆರುವುದರೊಳಗೆ ಅದರೊಳಗೆ ಏನೋ ಬಿದ್ದಿರಬಹುದೆಂದು ಮತ್ತೆ ಕುದಿಸಿದೆ.

ಊರಿನವರು ಒಂದೇ ರೀತಿ ಹೆದರಲಿಲ್ಲ. ಕಲ್ಲಂಗಡಿ ಮಾರುವವನು ಇಡೀ ಹಣ್ಣು ಇಟ್ಟುಕೊಂಡು ಕುಳಿತ. ಕೊಂಡವನ ಕೈಗೆ ಚಾಕು ಕೊಟ್ಟು "ನಾ ಕೊಯ್ಯಂಗಿಲ್ಲಪಾ, ಸರ್ಕಾರ ಬ್ಯಾಡಂದದ, ನೀನ ಕೊಯ್ಕೋ" ಎನ್ನುತ್ತಿದ್ದ. ಹೋಟೆಲಿನವನು ಬಿಸಿನೀರಿನ ಹಂಡೆಯನ್ನು ಎಲ್ಲರಿಗೂ ಕಾಣುವಂತೆ ಮುಂದಿಟ್ಟು, ಹಿಂದಿನ ಕೊಡದಿಂದ ತಣ್ಣೀರು ಕೊಡುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಸೂಜಿಯವರು ಒಂದು ಬಾಗಿಲಲ್ಲಿ ನಿಂತರೆ, ಜನ ಇನ್ನೊಂದು ಕಡೆಯ ಕಿಟಕಿಗಳಿಂದ ಗಂಟುಗಳನ್ನು ಮೊದಲು ತೂರಿ, ಆಮೇಲೆ ತಾವು ತೂರುತ್ತಿದ್ದರು. ಮೈತುಂಬಿದ ಹೆಂಗಸೊಬ್ಬಳು ಕಿಟಕಿಯಲ್ಲಿ ಸಿಕ್ಕಿಕೊಂಡು, ಸೂಜಿಯವರನ್ನೇ "ಯಪ್ಪಾ, ನೂಕ್ರೋ" ಎಂದು ಬೇಡಿಕೊಂಡದ್ದನ್ನು ನಾನೇ ನೋಡಿದ್ದೇನೆ.

ನೋಡಲು ಸಾಕಷ್ಟು ಹೊತ್ತಿತ್ತು. ಯಾಕೆಂದರೆ ನಾನೂ ಆ ಸಾಲಿನಲ್ಲಿದ್ದೆ. ಹೆಂಡತಿಯನ್ನು ರಾಯಚೂರಿಗೆ ಕರೆದುಕೊಂಡು ಬರಬೇಕು, ಅದಕ್ಕೆ ದೇವದುರ್ಗದ ಬಸ್ಸು ಹಿಡಿಯಬೇಕು, ಬಸ್ಸಿಗೆ ಸೂಜಿ ಬೇಕು. ಚಿಕ್ಕವನಿದ್ದಾಗ ಸಿಡುಬಿಗೆಂದು ದೇವಿ ಹಾಕಿಸಿದಾಗ ನಾನು ಎಚ್ಚರ ತಪ್ಪಿ ಬಿದ್ದವನು. ಸ್ಟೋವಿನ ಮೇಲೆ ಸೂಜಿಗಳು ಕುದಿಯುವ ಸಪ್ಪಳ ಕೇಳುವಷ್ಟು ಹತ್ತಿರ ಬಂದ ಕೂಡಲೇ, ಹಿಂದಿದ್ದವರಿಗೆ "ನೀವು ಮುಂದ ಹೋಗ್ರಿ, ನಿಮಗ ಅವಸರ ಅದ" ಎಂದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಿದ್ದೆ. ಅವತ್ತು ನನ್ನಷ್ಟು ಸಭ್ಯ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ. ಔಷಧಿ ಮುಗಿಯಿತು, ಬಸ್ಸೂ ಹೋಯಿತು. ಮರುದಿನದಿಂದ ಆ ಕಡೆಯ ಹಳ್ಳಿಗಳಿಗೆ ಬಸ್ಸೇ ಬಂದ್.

ಅದೇ ವಾರ ಗಿರಣಿಗೆ ಕೊನೆಯ ಹತ್ತಿ ಗಾಡಿಗಳು ಬಂದಿದ್ದವು. ಅರಕೇರಾದ ಕಡೆಯ ಗಾಡಿಯವನೊಬ್ಬ ಎತ್ತು ಬಿಚ್ಚುತ್ತ ನನ್ನನ್ನು ಗುರುತಿಸಿದ.

"ನಿಮ್ಮ ಮಾವನೋರ ಊರ ಕಟ್ಟ್ಯಾರ ನೋಡ್ರಿ" ಎಂದ.

"ಯಾಕ?"

"ಯಾಕಂದ್ರ? ಬಂದದ. ಕೆಳಗಿನ ಓಣ್ಯಾಗ ಇಬ್ಬರು ಹೋದರಂತ."

ಊರು ಕಟ್ಟುವುದು ಅಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಇಂಥ ಬೇನೆ ಬಂದಾಗ ಊರಿನ ಗಡಿಗೆ ಬೇವಿನ ತೊಪ್ಪಲು ಸಿಗಿಸಿದ ಹಗ್ಗ ಅಡ್ಡ ಕಟ್ಟುತ್ತಾರೆ. ಊರಮ್ಮ ಮರಗಮ್ಮನನ್ನು ಪೂಜಿಸಿ, ಬೇನೆಯನ್ನು ಗಡಿಯಾಚೆ ಸಾಗಹಾಕುವ ಮಂಗಳವಾರದವರೆಗೆ ಒಳಗಿದ್ದವರು ಹೊರಗೆ ಹೋಗುವಂತಿಲ್ಲ, ಹೊರಗಿದ್ದವರು ಒಳಗೆ ಬರುವಂತಿಲ್ಲ. ಸರ್ಕಾರ ಬಸ್ಸು ನಿಲ್ಲಿಸುವ ಎಷ್ಟೋ ಮೊದಲಿನಿಂದ ನಮ್ಮ ಹಳ್ಳಿಗಳು ಇದನ್ನು ಮಾಡುತ್ತ ಬಂದಿವೆ. ನನಗೆ ಹೊಳೆದದ್ದು ಇಷ್ಟೇ: ಹಗ್ಗದ ಒಳಗೆ ಬೇನೆ ಇದೆ, ನನ್ನ ಹೆಂಡತಿಯೂ ಇದ್ದಾಳೆ.

ಹತ್ತಿ ಇಳಿಸಿ ಖಾಲಿ ಮರಳುತ್ತಿದ್ದ ಲಾರಿಯಲ್ಲಿ ದೇವದುರ್ಗಕ್ಕೆ ಹೋದೆ. ಲಾರಿಗೆ ಸೂಜಿಯ ಕಾಯ್ದೆ ಇರಲಿಲ್ಲ. ಅವತ್ತು ಸಂತೆಯ ದಿನ. ಸಂತೆಯ ಬಯಲಿನಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಡಂಗುರ ಸಾರಿ ಸಂತೆ ನಿಲ್ಲಿಸಿದ್ದರು. ಬಯಲಿನ ಅಂಚಿನಲ್ಲಿ ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ಬುಟ್ಟಿಯ ಮೇಲೆ ಸೆರಗು ಮುಚ್ಚಿಕೊಂಡು, ಮಾರುವುದಕ್ಕೆ ಬಂದವಳೇ ಅಲ್ಲ ಎಂಬಂತೆ ಕುಳಿತಿದ್ದಳು. ನಾನು ಹತ್ತಿರ ಹೋದರೆ "ಬ್ಯಾನಿಗಿ ಅಂಜಿ ಸಂತಿ ಬಂದ್ ಮಾಡ್ಯಾರಂತ. ಸಂತಿ ಇಲ್ಲಂದ್ರ ಉಣ್ಣೋದೇನು, ಬ್ಯಾನೀನ?" ಎಂದು ನನ್ನನ್ನೇ ಬೈದಳು. ನಾನು ಪ್ಯಾಂಟು ಹಾಕಿದ್ದೆ. ಅವಳ ಕಣ್ಣಿಗೆ ನಾನೂ ಸರ್ಕಾರ.

ದವಾಖಾನೆಯ ಮುಂದೆ ಜೀಪು ನಿಂತಿತ್ತು. ನಮ್ಮ ಮಾವನ ಊರಿನ ದಿಕ್ಕಿಗೇ ಹೊರಟಿತ್ತು. ಕೈಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ಮಾಡಿ ಹತ್ತಿಕೊಂಡೆ. ಒಳಗೆ ಇದ್ದವರು ಇಬ್ಬರು. ನರ್ಸಮ್ಮ ಮಂಗಳೂರಿನ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು, ಪುಸ್ತಕದಲ್ಲಿ ಅಚ್ಚು ಮಾಡಿದಂಥ ಕನ್ನಡ. ಡ್ರೈವರ್ ಸಾಹೇಬರು ರಾಯಚೂರಿನವರೇ, ಬೀಡಿ ಆರಿದರೂ ತುಟಿಯಿಂದ ತೆಗೆಯದವರು.

"ನಿಮಗೆ ಚುಚ್ಚುಮದ್ದು ಆಗಿದೆಯೇ?" ಎಂದರು ನರ್ಸಮ್ಮ.

"ಔಷಧಿ ಮುಗದಿತ್ರಿ" ಎಂದೆ.

"ಊರಿಗೆ ತಲುಪಿದ ಕೂಡಲೇ ಕೊಡುತ್ತೇನೆ. ಎಲ್ಲ ಕಟ್ಟಿ ಇಟ್ಟಾಗಿದೆ."

ಆ ದಾರಿ ಆದಷ್ಟು ಉದ್ದವಿರಲಿ ಎಂದು ಬಯಸಿದೆ. ಮರುಕ್ಷಣ ಹೆಂಡತಿಯ ಮುಖ ನೆನಪಾಗಿ ಬೇಗ ಮುಗಿಯಲಿ ಎಂದು ಬಯಸಿದೆ. ಕಾಲ ಬಳಿ ಗೋಣಿ ಸುತ್ತಿದ ಗಾಜಿನ ಸಲೈನ್ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅವು ಒಡೆಯುತ್ತವೆಂದು ನಾನು ಎರಡೂ ಮೊಣಕಾಲಿನಿಂದ ಅಮುಕಿ ಹಿಡಿದೆ. ಡ್ರೈವರ್ ಸಾಹೇಬರು ಕನ್ನಡಿಯಲ್ಲಿ ನೋಡಿ ನಕ್ಕರು. "ಕಾಯ್ಕು ಡರ್ತೆ ಸಾಬ್, ಯಾಕ ಅಂಜತೀರಿ? ಬಾಟ್ಲಿ ಒಡೆಯಂಗಿಲ್ಲ, ನಿಮ್ಮ ಮೊಣಕಾಲ ಒಡೀತಾವ."

ಒಂದು ವಿಷಯ ನಮ್ಮ ಮೂವರಿಗೂ ಹೊಳೆದಿರಲಿಲ್ಲ. ತುರ್ತುಪರಿಸ್ಥಿತಿ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಆ ದಿನಗಳಲ್ಲಿ ಇಂಥದೇ ಬಣ್ಣದ ಜೀಪು ಹಳ್ಳಿಗಳಿಗೆ ಬಂದರೆ ಗಂಡಸರು ಹೊಲ ಸೇರುತ್ತಿದ್ದರು. ಹತ್ತಿಸಿಕೊಂಡು ಹೋಗಿ ಮಕ್ಕಳಾಗದ ಆಪರೇಷನ್ ಮಾಡಿ ಬಿಡುತ್ತಾರೆ ಎಂಬುದು ಅವರು ಕೇಳಿದ್ದು, ಕೆಲವರು ಕಂಡದ್ದು. ಜನರನ್ನು ಕರೆತಂದವರಿಗೆ ಟ್ರಾನ್ಸಿಸ್ಟರ್ ರೇಡಿಯೋ ಕೊಡುತ್ತಾರೆಂಬ ಮಾತೂ ಇತ್ತು. ಜೀಪಿನ ಸದ್ದಿಗೆ ಓಡುವ ಅಭ್ಯಾಸ ಕಾಲಿಗೆ ಹತ್ತಿಬಿಟ್ಟಿತ್ತು. ಸರ್ಕಾರ ಬದಲಾದರೂ ಕಾಲು ಬದಲಾಗಿರಲಿಲ್ಲ.

ನಾವು ಗಡಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಇಳಿಯುತ್ತಿತ್ತು. ದೊಡ್ಡ ಬೇವಿನ ಗಿಡಕ್ಕೂ ಎದುರಿನ ಒಂದು ಗೂಟಕ್ಕೂ ಹಗ್ಗ ಕಟ್ಟಿದ್ದರು. ಹಗ್ಗಕ್ಕೆ ಬೇವಿನ ತೊಪ್ಪಲು, ಕೆಳಗೆ ಬೂದಿಯ ಗೆರೆ, ಅದರ ಮೇಲೆ ಕೊಯ್ದ ನಿಂಬೆಹಣ್ಣು. ಆಚೆಗೆ ಊರಿನ ತಳವಾರ ಕೋಲು ಹಿಡಿದು ನಿಂತಿದ್ದ. ಅವನ ಹಿಂದೆ ಮಂದಿ. ಬಹಳಷ್ಟು ಹೆಂಗಸರು; ಗಂಡಸರಲ್ಲಿ ಓಡಲಾರದ ಮುದುಕರು. ನಮ್ಮ ಮಾವ ಎಲ್ಲೂ ಕಾಣಲಿಲ್ಲ. ಜೀಪಿನ ಸದ್ದು ಕೇಳಿದ ಕೂಡಲೇ ಹಿತ್ತಲ ಗೋಡೆ ಹಾರಿ ತೊಗರಿಕಟ್ಟಿಗೆಯ ಬಣವೆಯ ಹಿಂದೆ ಕುಳಿತಿದ್ದರೆಂದು ಆಮೇಲೆ ಗೊತ್ತಾಯಿತು.

"ಅಲ್ಲೇ ನಿಂದರ್ರಿ!" ತಳವಾರ ಕೂಗಿದ. "ಊರ ಕಟ್ಟೀವಿ. ಮಂಗಳವಾರದ ಮಟ ಯಾರೂ ಒಳಗ ಬರಂಗಿಲ್ಲ."

"ನಾನಪಾ. ಅಳಿಯ."

"ಅಳ್ಯಾರಂತ ಗೊತ್ತಾತ್ರಿ. ಅಳ್ಯಾರು ಜೀಪಿನ್ಯಾಗ ಯಾಕ ಬಂದೀರಿ, ಅದನ್ನ ಹೇಳ್ರಿ."

ಹಿಂದಿನಿಂದ ಒಬ್ಬ ಮುದುಕ ಅಂದ: "ಆಪರೇಷನ್‌ನೋರನ್ನ ಕರಕೊಂಡು ಬಂದಾನ ನೋಡಲೇ! ಮಾವನ್ನ ಹಿಡಕೊಟ್ಟು ರೇಡಿಯೋ ತಗೊಂತಾನ!"

"ಮಾವ ಒಬ್ಬಗ ಒಂದ ರೇಡಿಯೋ. ನಿನ್ನನ್ನೂ ಕೊಟ್ಟರ ಬ್ಯಾಟರಿ ಫುಕಟ ಬರ್ತದ" ಎಂದಳು ಒಬ್ಬ ಹೆಂಗಸು. ಯಾರೋ ನಕ್ಕರು. ಆ ನಗು ಬೇಗ ನಿಂತಿತು. ಬೂದಿಯ ಗೆರೆಯಾಚೆ ನಿಂತವರ ಕಣ್ಣುಗಳನ್ನು ನೋಡಿದೆ. ಅವರು ನನಗಿಂತ ಹೆಚ್ಚು ಹೆದರಿದ್ದರು. ನನಗೆ ಅದು ಹೊಸ ಅನುಭವ. ಅದರಿಂದ ನನ್ನ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ನರ್ಸಮ್ಮ ಮುಂದೆ ಬಂದರು. "ಭಯಪಡಬೇಡಿ. ನಾವು ಬಂದಿರುವುದು ಕಾಲರಾ ಚುಚ್ಚುಮದ್ದಿಗಾಗಿ. ಕಾಯಿಲೆಯವರಿದ್ದರೆ ತೋರಿಸಿ."

ತಳವಾರ ನನ್ನ ಕಡೆ ತಿರುಗಿದ. "ಏನಂತಾರ್ರಿ ನರ್ಸ್ ಬಾಯಾರು?"

ನಾನು ಹೇಳುವ ಮೊದಲೇ ಬೇವಿನ ಗಿಡದ ಹತ್ತಿರ ನಿಂತಿದ್ದ ನಮ್ಮ ಅತ್ತೆಯ ದನಿ ಕೇಳಿಸಿತು. ಇಲ್ಲಿ ಒಂದು ಮಾತು ಹೇಳಬೇಕು. ಅವರ ಮನೆತನದಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಮದುವೆಯಾದಾಗಿನಿಂದ ನಮ್ಮ ಅತ್ತೆ ನನಗೆ ಏನು ಹೇಳಬೇಕಿದ್ದರೂ ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದರು. "ಕಂಬಪ್ಪಾ, ಅಳ್ಯಾರಿಗೆ ಊಟಕ್ಕ ಏಳಂತ ಹೇಳು." ನಾನು ಏಳುತ್ತಿದ್ದೆ. ಈಗ ಕಂಬವಿರಲಿಲ್ಲ. ಅವರು ತಲೆಯ ಮೇಲೆ ಸೆರಗೆಳೆದುಕೊಂಡು ಬೇವಿನ ಗಿಡಕ್ಕೆ ಮುಖ ಮಾಡಿ ನಿಂತಿದ್ದರು.

"ಗಿಡವ್ವಾ, ಅಳ್ಯಾರಿಗೆ ಹೇಳವ್ವಾ. ಹುಡುಗಿಗಿ ಮುಂಜಾನಿಂದ ಹತ್ತ್ಯಾವ. ವಾಂತಿ ನಿಂತಿಲ್ಲ, ಭೇದಿ ನಿಂತಿಲ್ಲ. ಕಣ್ಣು ಒಳಗ ಹೋಗ್ಯಾವ. ದವಾಖಾನಿಗಿ ಒಯ್ಯಾಕ ಬಿಡ್ರಂದ್ರ ಹಗ್ಗ ಬಿಚ್ಚಂಗಿಲ್ಲ ಅಂತಾರ."

ವರ್ಷಗಟ್ಟಲೆ ಏನೇನೋ ಆಗುತ್ತದೆಂದು ಹೆದರಿ ಕುಳಿತವನಿಗೆ ಆಗಿಯೇಬಿಟ್ಟಾಗ ಏನು ಮಾಡಬೇಕೆಂದು ಗೊತ್ತಿರುತ್ತದೆ ಎಂದುಕೊಂಡಿದ್ದೆ. ಇಲ್ಲ. ಅತ್ತೆ ಹೇಳಿದ್ದನ್ನು ನರ್ಸಮ್ಮನಿಗೆ ಹೇಳಬೇಕೆಂಬುದೂ ನನಗೆ ಹೊಳೆಯಲಿಲ್ಲ. ನರ್ಸಮ್ಮನಿಗೆ ಆ ಕನ್ನಡ ಅಷ್ಟಾಗಿ ತಿಳಿಯಲಿಲ್ಲವಾದರೂ ಅತ್ತೆಯ ಕೈ ತಿಳಿಯಿತು; ಆ ಕೈ ಹೊಟ್ಟೆ ಉಬ್ಬಿದ್ದನ್ನು ತೋರಿಸಿ, ಆಮೇಲೆ ನೆಲ ತೋರಿಸಿತ್ತು.

"ಗರ್ಭಿಣಿಯೇ? ತಕ್ಷಣ ಸಲೈನ್ ಹಾಕಬೇಕು. ಬಿಡಿ ನನ್ನನ್ನು" ಎಂದು ನರ್ಸಮ್ಮ ಹಗ್ಗದ ಹತ್ತಿರ ಹೋದರು. ತಳವಾರ ಕೋಲು ಅಡ್ಡ ಹಿಡಿದ.

"ಇದರಾಗ ಏನದನೋ ಯಾಂವ ಕಂಡಾನ್ರಿ? ಮೊದಲ ಅಳ್ಯಾರಿಗೆ ಹಾಕ್ರಿ. ಇಲ್ಲೇ, ಎಲ್ಲಾರ ಮುಂದ. ಅವರಿಗೆ ಏನೂ ಆಗಲಿಲ್ಲಂದ್ರ ಹಿರಿಯರನ್ನ ಕೇಳ್ತೀನಿ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಅವನು ಆರಿಸಿದ ಮನುಷ್ಯನಲ್ಲಿ. ಡ್ರೈವರ್ ಸಾಹೇಬರು ತಮ್ಮ ಅಂಗಿಯ ತೋಳು ಮಡಚುತ್ತ "ನಂದು ಹಾಕ್ರಿ, ನಾ ಏನ ಕಮ್ಮೀನ?" ಎಂದರು. ತಳವಾರ ಒಪ್ಪಲಿಲ್ಲ. "ನೀವು ಸರ್ಕಾರದ ಮಂದಿರಿ, ನಿಮಗ ಬ್ಯಾರೆ ಹಾಕ್ತಾರ. ಅಳ್ಯಾರು ನಮ್ಮವರು."

ನಾನು ಅಂಗಿಯ ತೋಳು ಮೇಲೆ ಸರಿಸಿದೆ. ಧೈರ್ಯದಿಂದಲ್ಲ, ಅತ್ತೆ ಗಿಡದ ಕಡೆಯಿಂದ ತಿರುಗಿ ಮೊದಲ ಸಲ ನನ್ನ ಮುಖವನ್ನೇ ನೋಡುತ್ತಿದ್ದರು. ಮಂದಿ ಹಗ್ಗಕ್ಕೆ ಒತ್ತಿಕೊಂಡು ನಿಂತರು. ನರ್ಸಮ್ಮ ಸ್ಪಿರಿಟ್ ಒರೆಸಿದರು. ತಣ್ಣಗಾಯಿತು. ಆ ವಾಸನೆ ಮೂಗಿಗೆ ಬಂತು. ಸೂಜಿ ನೋಡಬಾರದೆಂದು ಬೇವಿನ ಎಲೆ ನೋಡಿದೆ. ಎಲೆ ಬಹಳ ಹಸಿರಾಗಿತ್ತು, ಆಮೇಲೆ ಬಿಳಿಯಾಯಿತು, ಆಮೇಲೆ ಅಲ್ಲಿ ಎಲೆಯೇ ಇರಲಿಲ್ಲ.

ಮುಂದಿನದು ಡ್ರೈವರ್ ಸಾಹೇಬರು ಹೇಳಿದ್ದು. ನಾನು ನಿಂತ ನಿಲುವಿನಲ್ಲೇ ಬಾಳೆಯ ಗಿಡ ಕಡಿದಂತೆ ಮುಂದಕ್ಕೆ ಬಿದ್ದೆನಂತೆ. ಸೊಂಟದವರೆಗೆ ಹಗ್ಗದ ಒಳಗೆ, ಕಾಲು ಹೊರಗೆ. "ಸತ್ತ!" ಎಂದು ಯಾರೋ ಕೂಗಿದರು. ಅರ್ಧ ಮಂದಿ ಓಡಿದರು. ಉಳಿದರ್ಧ ಜಗಳಕ್ಕೆ ನಿಂತರು: ಬಿದ್ದವನು ಒಳಗಿನವನೋ ಹೊರಗಿನವನೋ? ಹೊರಗಿನವನಾದರೆ ಕಾಲು ಹಿಡಿದು ಹೊರಗೆ ಎಳೆಯಬೇಕು. ಒಳಗಿನವನಾದರೆ ಗಡಿ ಮುರಿದಂತೆ. ತಳವಾರ ನನ್ನ ಕಾಲು ಹಿಡಿಯಿರೆಂದು ಡ್ರೈವರಿಗೆ ಹೇಳಿದ. ಡ್ರೈವರ್ ಸಾಹೇಬರು "ಮೈ ನೈ ಪಕಡ್ತಾ. ಅಳಿಯ ನಿಮ್ಮಾಂವ, ಗಡಿ ನಿಮ್ಮದು" ಎಂದು ಜೀಪಿಗೆ ಒರಗಿ ನಿಂತರಂತೆ.

ಅಷ್ಟರಲ್ಲಿ ಅತ್ತೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಎರಡೂ ರಟ್ಟೆ ಹಿಡಿದರು.

"ಮನಿ ಅಳಿಯ ಊರ ಬಾಗಿಲಾಗ ಬಿದ್ದಾನ. ಕಾಲ ಹಿಡದು ಹೊರಗ ಎಳೀತೀರೇನ್ರಲೇ? ಮರಗಮ್ಮ ಕೇಳಿದ್ರ ನಾ ಹೇಳ್ತೀನಿ, ಬ್ಯಾನಿ ಬರಲಿಲ್ಲವ್ವಾ, ಬೀಗರ ಮಗ ಬಂದಾನಂತ. ಎತ್ತ್ರಿ!"

ಯಾರೂ ಮುಂದೆ ಬರಲಿಲ್ಲ. ಅತ್ತೆ ತಾವೇ ಎಳೆದರು. ಬೂದಿಯ ಗೆರೆ ನನ್ನ ಹೊಟ್ಟೆಯ ಅಡಿ ಅಳಿಸಿಹೋಯಿತು. ಆಮೇಲೆ ಅದೇ ಹೆಂಗಸು, ಬ್ಯಾಟರಿ ಎಂದಿದ್ದವಳು, ಬಂದು ಒಂದು ರಟ್ಟೆ ಹಿಡಿದಳು. ಇನ್ನೊಬ್ಬಳು ಬಂದಳು. ಅತ್ತೆ ಹಿಂತಿರುಗಿ ನರ್ಸಮ್ಮನಿಗೆ "ಬಾಯಾರೇ, ಇವರಿಗೆ ಎಚ್ಚರ ಬರಸೋರ್ಯಾರು? ನಡೀರಿ, ನಿಮ್ಮ ಬಾಟ್ಲಿ ತಗೊಂಡು" ಎಂದರಂತೆ. ಬಿದ್ದ ಅಳಿಯನ ಬೆನ್ನಿಗೆ ದವಾಖಾನೆ ಊರೊಳಗೆ ಹೋಯಿತು. ತಳವಾರ ನೋಡುತ್ತ ನಿಂತ. ನಾವು ದಾಟಿದ ಮೇಲೆ ಹೊಸ ಬೂದಿ ತಂದು ಮೊದಲಿಗಿಂತ ದಪ್ಪ ಗೆರೆ ಎಳೆದ. ಡ್ರೈವರ್ ಸಾಹೇಬರು ಹೊರಗೇ ಉಳಿದರು.

ಎಚ್ಚರವಾದಾಗ ಪಡಸಾಲೆಯಲ್ಲಿದ್ದೆ, ಬಾಯಲ್ಲಿ ಬೂದಿಯ ರುಚಿ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅದೇ ಸರಿ. ಒಳಕೋಣೆಯಲ್ಲಿ ನನ್ನ ಹೆಂಡತಿ ಮಲಗಿದ್ದಳು. ಮಲಗಿದ್ದವಳು ಅವಳೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂದೇ ಹಗಲಿನಲ್ಲಿ ಮುಖ ಮುದುಕಿಯದಾಗಿತ್ತು. ಬೆರಳುಗಳ ತೊಗಲು ಬಹಳ ಹೊತ್ತು ನೀರಿನಲ್ಲಿ ನೆನೆದಂತೆ ನೆರಿಗೆಗಟ್ಟಿತ್ತು. ಹೊಟ್ಟೆ ಮಾತ್ರ ಇದ್ದಷ್ಟೇ ದೊಡ್ಡದು. ಆ ಒಣಗಿದ ದೇಹದ ಮೇಲೆ ಯಾರೋ ತಂದಿಟ್ಟಂತೆ ಕಾಣುತ್ತಿತ್ತು.

ನರ್ಸಮ್ಮ ನರ ಹುಡುಕುತ್ತಿದ್ದರು. ನರ ಸಿಗುತ್ತಿರಲಿಲ್ಲ. ಕೈ ಬದಲಿಸಿದರು, ತಮ್ಮ ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡರು, ತಮ್ಮ ಊರಿನ ಭಾಷೆಯಲ್ಲಿ ಏನೋ ಹೇಳಿಕೊಂಡರು. ಕೊನೆಗೆ ಪಾದದ ಹತ್ತಿರ ಒಂದು ಸಿಕ್ಕಿತು. ಬಾಟಲಿಯನ್ನು ಜೋಳದ ಚೀಲ ತೂಗುಹಾಕುವ ಗೂಟಕ್ಕೆ ಕಟ್ಟಿದರು. ಹನಿ ಇಳಿಯಲು ಶುರುವಾಯಿತು.

ಹೆಂಡತಿ ಕಣ್ಣು ತೆರೆದು ನನ್ನನ್ನು ನೋಡಿದಳು. ದನಿ ಗಂಟಲಿನಿಂದ ಹೊರಡುತ್ತಿರಲಿಲ್ಲ. ತುಟಿಯ ಹತ್ತಿರ ಕಿವಿ ಒಯ್ದೆ.

"ಹಣಿಗೇನಾತು?"

ನನ್ನ ಹಣೆಯಲ್ಲಿ ರಕ್ತ ಬಂದಿತ್ತಂತೆ. "ಏನಿಲ್ಲ, ಬಿದ್ದೆ."

"ಸೂಜಿಗಾ?" ಎಂದಳು. ನಗಲು ನೋಡಿದಳು, ಆಗಲಿಲ್ಲ. ಕಣ್ಣು ಮುಚ್ಚಿದಳು.

ನರ್ಸಮ್ಮ ಪುಟ್ಟ ಕಹಳೆಯಂಥ ಒಂದು ಮರದ ಕೊಳವೆಯನ್ನು ಅವಳ ಹೊಟ್ಟೆಗೆ ಒತ್ತಿ ಕಿವಿ ಇಟ್ಟರು. ಕೊಳವೆ ಸರಿಸಿದರು, ಮತ್ತೆ ಕಿವಿ ಇಟ್ಟರು, ಮತ್ತೆ ಸರಿಸಿದರು. ಹೊರಗೆ ಮಾವ ಬಣವೆಯಿಂದ ಎದ್ದು ಬಂದು, ತಲೆಯಲ್ಲಿ ತೊಗರಿಯ ಕಡ್ಡಿ ಸಿಕ್ಕಿಸಿಕೊಂಡೇ ಬಾಗಿಲಲ್ಲಿ ನಿಂತಿದ್ದರು. ಕೇಳುವುದಕ್ಕೆ ನನಗೆ ಧೈರ್ಯವಿರಲಿಲ್ಲ. ಯಾರಾದರೂ ಕೇಳಿಯಾರೆಂದೂ ಹೆದರಿದೆ.

"ಇದೆ" ಎಂದರು ನರ್ಸಮ್ಮ. "ಮಗುವಿನ ಎದೆಬಡಿತ ನಿಧಾನವಾಗಿದೆ, ಆದರೆ ಇದೆ. ಇವರಿಗೆ ಮೂತ್ರ ಬರಬೇಕು. ಬೆಳಗಿನಿಂದ ಬಂದಿಲ್ಲವಂತೆ. ಅದು ಬಂದರೆ ಬದುಕಿದರು ಎಂದು ಲೆಕ್ಕ. ಬಾರದಿದ್ದರೆ..." ಅವರು ಬಾಟಲಿಯ ಕಡೆ ನೋಡಿದರು.

ನಾನು ಅದನ್ನು ನಮ್ಮ ಕಡೆಯ ಮಾತಿನಲ್ಲಿ ಮಾವನಿಗೆ ಹೇಳಿದೆ. ಕೊನೆಯದನ್ನು ಹೇಳಲಿಲ್ಲ.

ಆ ರಾತ್ರಿಯ ಬಗ್ಗೆ ಬರೆಯುವುದಿಲ್ಲ. ಬೆಳಗಾಯಿತು ಎಂದಷ್ಟೇ ಬರೆಯುತ್ತೇನೆ. ಬಾಟಲಿಗಳು ಒಂದಾದ ಮೇಲೊಂದು ಖಾಲಿಯಾಗಿದ್ದವು. ಕೊನೆಯದನ್ನೂ ಗೂಟಕ್ಕೆ ಕಟ್ಟಿಯಾಗಿತ್ತು. ನನ್ನನ್ನು ಕೋಣೆಯಿಂದ ಹೊರಗೆ ಕಳಿಸಿದರು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತೆ. ಕೆಳಗಿನ ಓಣಿಯಿಂದ ಅಳು ಕೇಳಿಸಿತು. ಅಲ್ಲಿ ಯಾರೋ ಹೋದರು. ಆ ಅಳು ಈ ಮನೆಗೆ ಎಷ್ಟು ದೂರವಿದೆ ಎಂದು ಅಂದಾಜು ಮಾಡುತ್ತಿದ್ದೆ. ಹತ್ತಿರವೇ ಇತ್ತು. ಅಷ್ಟರಲ್ಲಿ ನನ್ನ ಹೊಟ್ಟೆ ಗುಳುಗುಳು ಎಂದಿತು; ಸರಿ, ನನ್ನ ಪಾಳಿ ಬಂತು ಎಂದುಕೊಂಡೆ. ಹಸಿವೆಯಾಗಿತ್ತು. ಹಿಂದಿನ ದಿನ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂಬುದು ಆಮೇಲೆ ನೆನಪಾಯಿತು.

ಕೋಣೆಯ ಬಾಗಿಲು ಸರಿಯಿತು. ಅತ್ತೆ ಹೊರಗೆ ಬಂದರು. ನಾನು ಎದ್ದು ನಿಂತೆ. ನಿನ್ನೆ ನನ್ನನ್ನು ರಟ್ಟೆ ಹಿಡಿದು ಊರೊಳಗೆ ಎಳೆದ ಹೆಂಗಸು ಈಗ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ನನ್ನ ಪಕ್ಕದ ಕಂಬದ ಮುಂದೆ ನಿಂತರು. ಅವರ ಭುಜ ಅಲುಗುತ್ತಿತ್ತು. ಅದು ಅಳುವೋ ಏನೋ ತಿಳಿಯಲಿಲ್ಲ.

"ಕಂಬಪ್ಪಾ," ಎಂದರು. "ಅಳ್ಯಾರಿಗೆ ಹೇಳಪಾ. ಹುಡುಗಿಗಿ ಒಂದಕ್ಕ ಆತು."

ನನ್ನ ಜೀವನದಲ್ಲಿ ನನಗೆ ಬಂದ ಅತಿ ದೊಡ್ಡ ಸುದ್ದಿ ಅದು. ಅದನ್ನು ಒಂದು ಕಂಬಕ್ಕೆ ಹೇಳಲಾಯಿತು. ಏನು ಮಾಡಬೇಕೋ ತೋಚದೆ ನಾನೂ ಕಂಬವನ್ನೇ ತಬ್ಬಿ ಹಿಡಿದುಕೊಂಡು, ಕಂಬಕ್ಕೇ ಹೇಳಿದೆ: "ಕಂಬಪ್ಪಾ, ಅತ್ತಿಯವರಿಗೆ ಹೇಳು. ಕೇಳಿಸ್ತಂತ."

ಮಂಗಳವಾರದವರೆಗೆ ನಾನೂ ನರ್ಸಮ್ಮನೂ ಆ ಊರಿನಲ್ಲೇ. ಕಟ್ಟಿದ ಊರಿಗೆ ಬಂದವರು ಬಿಚ್ಚುವ ತನಕ ಹೋಗುವಂತಿಲ್ಲ. ಡ್ರೈವರ್ ಸಾಹೇಬರು ಜೀಪಿನಲ್ಲಿ ಹೋಗಿ ಇನ್ನಷ್ಟು ಬಾಟಲಿ, ಔಷಧಿ ತಂದರು. ತಳವಾರ ಅವನ್ನು ಹಗ್ಗದ ಮೇಲಿಂದ ತೆಗೆದುಕೊಂಡು, ರೊಟ್ಟಿ ಪಲ್ಯೆ ಹಗ್ಗದ ಮೇಲಿಂದ ಕೊಡುತ್ತಿದ್ದ. ಕೆಲವರು ಬಂದು ಸೂಜಿ ಹಾಕಿಸಿಕೊಂಡರು. ಕೆಲವರು ನನ್ನನ್ನು ತೋರಿಸಿ "ಅಷ್ಟ ದೊಡ್ಡ ಮನಶ್ಯಾನ ಕೆಡವಿದ ಸೂಜಿ ನಮಗ್ಯಾಕ್ರಿ" ಎಂದು ಹೋದರು. ಹಾಕಿಸಿಕೊಳ್ಳದೆ ಹೋದವರಲ್ಲಿ ಒಬ್ಬ ಮುದುಕ ಉಳಿಯಲಿಲ್ಲ, ರೇಡಿಯೋ ಎಂದು ಹಂಗಿಸಿದ್ದವನೇ. ಗಡಿ ಮುರಿದದ್ದಕ್ಕೇ ಅವನು ಹೋದ ಎಂದು ಊರಲ್ಲಿ ಮಾತಾಯಿತು. ನಾನು ಮನೆಯಲ್ಲಿ ನೀರು ಕುದಿಸುತ್ತ ಕುಳಿತೆ. ಬಾವಿಯ ನೀರೇ ಕಾರಣ ಎಂದು ನನಗೆ ಗೊತ್ತಿತ್ತು. ಆದರೂ ಆ ಮನೆಯ ಮುಂದೆ ಹಾಯುವಾಗ ತಲೆ ತಗ್ಗಿಸಿ ನಡೆದೆ. ಈಗಲೂ ಹಾಗೇ ನಡೆಯುತ್ತೇನೆ.

ಹಗ್ಗ ಬಿಚ್ಚಿದ ದಿನ ನಾನು ಹೊರಟೆ. ಹೆಂಡತಿ ಎದ್ದು ಗೋಡೆಗೊರಗಿ ಕೂರುವಷ್ಟಾಗಿದ್ದಳು; ಹೆರಿಗೆಯಾಗುವವರೆಗೆ ಅಲ್ಲೇ ಇರಬೇಕು. ಗಡಿಯಲ್ಲಿ ಹಗ್ಗ ಇರಲಿಲ್ಲ, ಬೂದಿಯನ್ನು ಗಾಳಿ ಒಯ್ದಿತ್ತು. ಆದರೂ ಅಲ್ಲಿ ಬಂದಾಗ ನಾನು ಕಾಲು ಎತ್ತರಕ್ಕೆ ಎತ್ತಿ, ಇಲ್ಲದ ಹಗ್ಗವನ್ನು ದಾಟಿದೆ. ಹಿಂದೆ ತಳವಾರ ನಕ್ಕದ್ದು ಕೇಳಿಸಿತು. ಮುಂದಿನ ಊರಿನ ಗಡಿಯಲ್ಲಿ ಅವತ್ತೇ ಹಗ್ಗ ಕಟ್ಟುತ್ತಿದ್ದರು. ಗಡಿಯಾಚೆ ಹತ್ತಿಕೊಂಡ ಜೀಪಿನಿಂದ ನೋಡಿದರೆ ಬೇವಿನ ತೊಪ್ಪಲು ಹಸಿಯಾಗಿ ಮಿನುಗುತ್ತಿತ್ತು.

ಹೊರಡುವಾಗ ಅತ್ತೆ ಬೇವಿನ ಗಿಡದವರೆಗೆ ಬಂದಿದ್ದರು.

"ಗಿಡವ್ವಾ," ಎಂದರು, "ಕೂಸು ಹುಟ್ಟಿದಾಗ ಹೇಳಿ ಕಳಸ್ತೀವಿ, ಬರ್ರಿ ಅಂತ ಹೇಳು. ಜೀಪಿನ್ಯಾಗ ಬ್ಯಾಡಂತ ಹೇಳು."

ಮಳೆ ಹಿಡಿದ ಮೇಲೆ ಸುದ್ದಿ ಬಂತು. ಮಗಳು. ಬಸ್ಸಿನಲ್ಲೇ ಹೋದೆ, ಬ್ರೇಕಿನ ಚಿಂತೆ ಮಾಡುತ್ತ.